ಮೂರು ಮಿಲಿ ಲಾವಂಚ

ನವೆಂಬರಿನಲ್ಲಿ ಹುಟ್ಟಿದ್ದು ನನ್ನ ಪುಣ್ಯ. ರಾಜ್ಯೋತ್ಸವದ ನೆಪದಲ್ಲಿ ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಸಿಗುವ ತಿಂಗಳದು. ಬೆಂಗಳೂರಿನ ಬೆಳಗಿಗೆ ಸಣ್ಣ ಚಳಿ ಸೇರಿಕೊಂಡಿರುತ್ತದೆ, ತಳ್ಳುಗಾಡಿಗಳ ಮೇಲೆ ಅವರೆಕಾಯಿ ಕಾಣಿಸಿಕೊಳ್ಳಲು ಶುರುವಾಗಿರುತ್ತದೆ, ದೀಪಾವಳಿಯ ಖರ್ಚು ಮುಗಿದು ಕೈಯಲ್ಲಿ ಉಳಿದದ್ದೆಷ್ಟು ಎಂಬುದೂ ಗೊತ್ತಾಗಿರುತ್ತದೆ. ಆ ಉಳಿದದ್ದರಲ್ಲಿ 3000 ರೂಪಾಯಿ ತೆಗೆದು ಒಂದು ಲಕೋಟೆಯಲ್ಲಿ ಹಾಕಿಡುತ್ತೇನೆ. ಹುಟ್ಟುಹಬ್ಬದ ದಿನ ಕಚೇರಿಗೆ ರಜೆ ಹಾಕಿ ಆ ಲಕೋಟೆಯನ್ನು ಖಾಲಿ ಮಾಡಿಕೊಂಡು ಮನೆಗೆ ಬರುವುದು ಹದಿನೈದು ವರ್ಷಗಳಿಂದ ನಡೆದುಬಂದ ಪದ್ಧತಿ. ಶುರುವಾದಾಗ ಲಕೋಟೆಯಲ್ಲಿ ಇರುತ್ತಿದ್ದದ್ದು 500 ರೂಪಾಯಿ. ದೋಸೆಯ ಬೆಲೆಯ ಜೊತೆಗೆ ಅದೂ ಬೆಳೆಯಿತು.

ಲಕೋಟೆಗೆ ಕಟ್ಟಳೆಗಳಿವೆ. ಉಪಯೋಗಕ್ಕೆ ಬರುವ ಯಾವುದನ್ನೂ ಕೊಳ್ಳುವಂತಿಲ್ಲ. ಕುಕ್ಕರಿನ ಗ್ಯಾಸ್ಕೆಟ್ಟು, ಮಗನ ಶಾಲೆಯ ಕಾಲುಚೀಲ, ಮಳೆಗಾಲಕ್ಕೆ ಹೊಸ ಕೊಡೆ ಇವೆಲ್ಲ ತಿಂಗಳ ಸಂಬಳದ ಪಾಲು. ಸೀರೆ ಚೂಡಿದಾರ ಕೂಡ ಇಲ್ಲ, ಯಾಕೆಂದರೆ ಅವನ್ನು ಕೊಳ್ಳುವಾಗ ನಾಲ್ಕು ಜನರ ಕಣ್ಣು ನೆನಪಾಗುತ್ತದೆ. ಲಕೋಟೆಯ ದುಡ್ಡಿನಲ್ಲಿ ತರುವುದು ಮೂರೇ ಬಗೆ. ಒಂದಿಷ್ಟು ತಿಂಡಿ, ಒಂದಿಷ್ಟು ಪುಸ್ತಕ, ಮತ್ತು ಒಂದು ಹೊಸ ಪರಿಮಳ. ಪರಿಮಳ ಪಟ್ಟಿಗೆ ಸೇರಿದ್ದು ತೀರಾ ಈಚೆಗೆ. ಅದು ಹೇಗೆ ಸೇರಿತು ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ತಿಂಡಿಯದು ಗಾಂಧಿ ಬಜಾರಿನ ವ್ಯವಹಾರ. 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನದಲ್ಲಿ ಒಂದು ಮಸಾಲೆ ದೋಸೆ, ಹುಟ್ಟುಹಬ್ಬ ಶುಕ್ರವಾರ ಬೀಳದಿದ್ದರೆ. ಶುಕ್ರವಾರ ಅವರಿಗೆ ರಜೆ. ಆ ದೋಸೆಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಸೇರಿಸುವುದೇನೂ ಇಲ್ಲ. ನನ್ನ ಮಾತು ಏನಿದ್ದರೂ ಅಯ್ಯಂಗಾರ್ ಬೇಕರಿಯ ಹನಿ ಕೇಕಿನ ಬಗ್ಗೆ. ಹನಿ ಎಂದರೆ ಜೇನು ಎಂದು ಗೊತ್ತಿದ್ದರೂ, ಪಾಕವನ್ನು ಹನಿಹನಿಯಾಗಿ ಕುಡಿಸಿ ಮಾಡುವುದರಿಂದ ಅದು ಕನ್ನಡದ ಹನಿಯೇ ಇರಬೇಕೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಪಾಕ ಕುಡಿದು ಭಾರವಾದ ಹಳದಿ ಕೇಕು, ಮೇಲೆ ಕೆಂಪು ಜಾಮು, ಅದರ ಮೇಲೆ ಒಣಕೊಬ್ಬರಿಯ ಪುಡಿ. ಪೇಸ್ಟ್ರಿ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಕೂತಿರುವ ಕೇಕುಗಳ ಎದುರು ಇದು ಮದುವೆ ಮನೆಗೆ ಹವಾಯಿ ಚಪ್ಪಲಿಯಲ್ಲಿ ಬಂದ ನೆಂಟನ ಹಾಗೆ ಕಾಣುತ್ತದೆ. ಆದರೆ ಪೇಪರಿನಲ್ಲಿ ಕಟ್ಟಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಪೇಪರಿಗೂ ಕೈಚೀಲಕ್ಕೂ ಅದರ ಘಮ ಹತ್ತಿರುತ್ತದಲ್ಲ, ಆ ಗುಣ ಬೇರೆ ಯಾವ ಕೇಕಿಗೂ ಇಲ್ಲ. ಎರಡು ತುಂಡು ನನಗೆ. ಉಳಿದವರಿಗೆ ಬೇಕಿದ್ದರೆ ಅವರವರ ಹುಟ್ಟುಹಬ್ಬದಲ್ಲಿ ತಂದುಕೊಳ್ಳಲಿ.

ಚಿಕ್ಕವಳಿದ್ದಾಗ ಸಾಗರದ ಕಡೆಯ ನಮ್ಮ ಮನೆಯಲ್ಲಿ ಕೇಕು ಎಂಬ ಪದಾರ್ಥವೇ ಇರಲಿಲ್ಲ. ಹುಟ್ಟಿದ ದಿನ ಎಂದರೆ ಹುಟ್ಟಿದ ನಕ್ಷತ್ರದ ದಿನ. ಬೆಳಿಗ್ಗೆ ಎಣ್ಣೆ ನೀರು, ದೇವರ ಮುಂದೆ ದೀಪ, ಊಟಕ್ಕೊಂದು ಪಾಯಸ. ದೀಪ ಹಚ್ಚಿ ಆರತಿ ಎತ್ತುವ ದಿನ ಮೇಣದ ಬತ್ತಿ ಆರಿಸುವ ವಿಚಾರ ಅಜ್ಜಿಯ ಕಿವಿಗೆ ಬಿದ್ದಾಗ ಅವಳು ಒಂದು ಗಳಿಗೆ ಮಾತಾಡದೆ ಕೂತಿದ್ದಳು. ಶಾಲೆಯಲ್ಲಿ ಮಾತ್ರ ಇಂಗ್ಲಿಷ್ ತಾರೀಖು. ಅವತ್ತು ಸಮವಸ್ತ್ರ ಬಿಟ್ಟು ಬಣ್ಣದ ಲಂಗ ಹಾಕಬಹುದಿತ್ತು, ಕ್ಲಾಸಿಗೆಲ್ಲ ಚಾಕ್ಲೇಟು ಹಂಚಬಹುದಿತ್ತು. ಅಪ್ಪ ತರುತ್ತಿದ್ದದ್ದು ಪಾರ್ಲೆಯ ಕಿಸ್ಮಿ. ಅದಕ್ಕೆ ಏಲಕ್ಕಿ ಪರಿಮಳ. ನಲವತ್ತು ಮಕ್ಕಳು ಒಟ್ಟಿಗೆ ಅದರ ಕಾಗದ ಬಿಚ್ಚಿದಾಗ ಗಣಿತದ ತರಗತಿಯೆಲ್ಲ ಪಾಯಸದ ಪಾತ್ರೆಯ ಹಾಗೆ ಘಮಘಮಿಸುತ್ತಿತ್ತು. ಮನೆಯ ಹುಟ್ಟುಹಬ್ಬಕ್ಕೂ ಶಾಲೆಯ ಹುಟ್ಟುಹಬ್ಬಕ್ಕೂ ಇದ್ದ ಸಂಬಂಧ ಆ ಏಲಕ್ಕಿ ಒಂದೇ.

ಪುಸ್ತಕಗಳಿಗೂ ಒಂದು ಲೆಕ್ಕವಿದೆ. ಹೊಸದು ಎರಡು, ಹಳೆಯದು ಒಂದು. ಹೊಸದಕ್ಕೆ ಗಾಂಧಿ ಬಜಾರಿನ ಅಂಕಿತ ಪುಸ್ತಕ ಇದ್ದೇ ಇದೆ. ಎರಡರಲ್ಲಿ ಒಂದು ನಾನು ಮೊದಲೇ ಗೊತ್ತು ಮಾಡಿಕೊಂಡು ಹೋದದ್ದು, ಇನ್ನೊಂದು ಹೆಸರೇ ಕೇಳಿರದ ಲೇಖಕರ ಮೊದಲ ಪುಸ್ತಕ. ಮುನ್ನುಡಿ ಓದದೆ ಕೊಳ್ಳಬೇಕು. ನಮ್ಮ ಮುನ್ನುಡಿಗಳಲ್ಲಿ ಎಲ್ಲರೂ ಭರವಸೆ ಮೂಡಿಸುವವರೇ ಆಗಿರುವುದರಿಂದ ಅವನ್ನು ಓದಿ ಯಾವ ತೀರ್ಮಾನಕ್ಕೂ ಬರಲಾಗುವುದಿಲ್ಲ. ಹಳೆಯ ಪುಸ್ತಕಕ್ಕೆ ಅವೆನ್ಯೂ ರಸ್ತೆ. ಅಲ್ಲಿ ಗೈಡುಗಳ ಗುಡ್ಡೆಯ ಮಧ್ಯೆ ಕನ್ನಡ ಕಾದಂಬರಿಯೊಂದು ಸಿಕ್ಕರೆ ನಾನು ಮೊದಲು ನೋಡುವುದು ಒಳಗಿನ ಖಾಲಿ ಪುಟವನ್ನು. ‘ಪ್ರೀತಿಯ ತಂಗಿಯ ಹುಟ್ಟುಹಬ್ಬಕ್ಕೆ’ ಎಂದು ನೀಲಿ ಶಾಯಿಯಲ್ಲಿ ಬರೆದ ಒಂದು ಪುಸ್ತಕ ಹೀಗೇ ನನ್ನ ಪಾಲಿಗೆ ಬಂತು. ತಂಗಿ ಅದನ್ನು ಓದಿದಂತೆ ಕಾಣುವುದಿಲ್ಲ. ಮೂವತ್ತನೆಯ ಪುಟದಲ್ಲಿ ಬಸ್ ಟಿಕೆಟ್ಟು ಇತ್ತು, ಅಲ್ಲಿಂದ ಮುಂದೆ ಹಾಳೆಗಳು ಹೊಸದರಂತೆ ಗರಿಗರಿಯಾಗಿದ್ದವು.

ಹಳೆಯ ಪುಸ್ತಕವನ್ನು ಮೂಗಿಗೆ ಹಿಡಿಯದೆ ಕೊಂಡವರು ಕಡಿಮೆ. ಆ ವಾಸನೆಗೆ ರಸಾಯನದ ಲೆಕ್ಕವೂ ಇದೆ. ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಲಿಗ್ನಿನ್ ಎಂಬ ವಸ್ತು ಇರುತ್ತದೆ. ವರ್ಷಗಳು ಕಳೆದಂತೆ ಅದು ಒಡೆದು, ವೆನಿಲಾದ ಪರಿಮಳಕ್ಕೆ ಕಾರಣವಾದ ವೆನಿಲಿನ್ನೂ ಅದರಿಂದ ಹುಟ್ಟುತ್ತದೆ. ಹಾಳೆ ಹಳದಿಯಾಗುವುದಕ್ಕೂ ಲಿಗ್ನಿನ್ನೇ ಕಾರಣ. ಮತೀಯ ಸ್ಟ್ರಿಲಿಚ್ ಎಂಬ ವಿಜ್ಞಾನಿಯ ತಂಡ 2009ರಲ್ಲಿ, ಹಳೆಯ ಪುಸ್ತಕದಿಂದ ಹೊರಡುವ ಆವಿಯನ್ನಷ್ಟೇ ಪರೀಕ್ಷಿಸಿ ಕಾಗದ ಎಷ್ಟು ಕೆಟ್ಟಿದೆ ಎಂದು ಅಳೆಯುವ ದಾರಿ ತೋರಿಸಿತು. ಅಂದರೆ ನಾವು ಆಹಾ ಎನ್ನುತ್ತಾ ಎಳೆದುಕೊಳ್ಳುವುದು ಪುಸ್ತಕ ನಿಧಾನವಾಗಿ ಸಾಯುವ ವಾಸನೆಯನ್ನು. ಗೊತ್ತಾದ ಮೇಲೂ ನಾನು ಮೂಸುವುದನ್ನು ಬಿಟ್ಟಿಲ್ಲ.

ಇನ್ನು ಪರಿಮಳ. 2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಮನೆಮಂದಿಯೆಲ್ಲ ಮಲಗಿದೆವು. ಜ್ವರ ವಾರದಲ್ಲಿ ಬಿಟ್ಟಿತು. ಹೋದದ್ದು ಮೂಗು. ಮೊದಲು ಗೊತ್ತಾದದ್ದು ಒಲೆಯ ಮೇಲೆ ಹಾಲು ಸೀದಾಗ. ಪಾತ್ರೆಯ ತಳ ಕಪ್ಪಾಗಿ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ಏನೂ ಇರಲಿಲ್ಲ. ಸುತ್ತ ಜನ ಉಸಿರಿಗಾಗಿ ಒದ್ದಾಡುತ್ತಿದ್ದ ದಿನಗಳವು. ನೆರೆಮನೆಯಲ್ಲಿ ಸಾವಾಗಿತ್ತು. ಅಂಥ ಹೊತ್ತಿನಲ್ಲಿ ವಾಸನೆ ಬರುತ್ತಿಲ್ಲ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿಕೊಳ್ಳಲಿಲ್ಲ. ಆ ನವೆಂಬರಿನಲ್ಲೂ ಲಕೋಟೆ ತೆಗೆದುಕೊಂಡು ಹೋದೆ. ಹನಿ ಕೇಕು ಸಿಹಿಯಾಗಿತ್ತು, ಮೆತ್ತಗಿತ್ತು, ಅಷ್ಟೇ. ಒದ್ದೆ ಸ್ಪಂಜಿಗೆ ಸಕ್ಕರೆ ಹಾಕಿದ ಹಾಗೆ. ಪುಸ್ತಕ ತೆರೆದು ಮುಖ ಹುದುಗಿಸಿದರೆ ಬರೀ ಕಾಗದದ ತಣ್ಣನೆ ಸ್ಪರ್ಶ. ಮಗನ ನೆತ್ತಿ ಮೂಸಿದಾಗಲೂ ಹಾಗೇ ಆಯಿತು, ಅವತ್ತು ರಾತ್ರಿ ಮಾತ್ರ ಅತ್ತೆ.

ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಂತು, ಆದರೆ ಅಡ್ಡಾದಿಡ್ಡಿಯಾಗಿ ಬಂತು. ಕಾಫಿ ಸುಟ್ಟ ರಬ್ಬರಿನಂತೆ, ಈರುಳ್ಳಿ ಒಗ್ಗರಣೆ ಕೊಳೆತ ಎಲೆಯಂತೆ. ಹೀಗೆ ತಿರುಚಿಕೊಂಡು ಬರುವುದು ಅನೇಕರಿಗೆ ಆಗುತ್ತದೆ ಎಂದು ವೈದ್ಯರು ಹೇಳಿದರು, ಒಂದು ಅಭ್ಯಾಸವನ್ನೂ ಕೊಟ್ಟರು. ಜರ್ಮನಿಯ ಡ್ರೆಸ್ಡೆನ್ನಿನ ಥಾಮಸ್ ಹಮ್ಮೆಲ್ ಮತ್ತು ಅವರ ಜೊತೆಗಾರರು 2009ರಲ್ಲಿ ಪ್ರಕಟಿಸಿದ ಪಾಠ ಅದು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕನ್ನು ದಿನಕ್ಕೆರಡು ಸಲ, ಒಂದೊಂದನ್ನೂ ಕೆಲವು ಸೆಕೆಂಡು, ಹನ್ನೆರಡು ವಾರ ಮೂಸುವುದು. ಸಂಗೀತದ ಮಕ್ಕಳು ಸರಳೆ ವರಸೆ ಹಾಡುವ ಹಾಗೆ ನಾನು ಬೆಳಿಗ್ಗೆ ಸಂಜೆ ನಾಲ್ಕು ಶೀಶೆಗಳ ಮುಂದೆ ಕೂತೆ. ಲವಂಗ ಮೊದಲು ಬಂತು. ನಿಂಬೆ ತಡವಾಗಿ, ಒಂದು ಮಂಗಳವಾರ, ಯಾವ ಮುನ್ಸೂಚನೆಯೂ ಇಲ್ಲದೆ ಬಂತು. ಮುಂದಿನ ಹುಟ್ಟುಹಬ್ಬದಿಂದ ಲಕೋಟೆಯ ಪಟ್ಟಿಗೆ ವರ್ಷಕ್ಕೊಂದು ಹೊಸ ಪರಿಮಳ ಸೇರಿತು. ಮೂಗು ಇದೆ ಎಂದು ಲೆಕ್ಕ ಹಿಡಿಯುವ ಹಾಗೆ.

ಮೂಗು ವಾಪಸಾಗುತ್ತಿದ್ದ ದಿನಗಳಲ್ಲಿ ಕನ್ನಡದ ಬಗ್ಗೆಯೂ ಗೌರವ ಹೆಚ್ಚಿತು. ವಾಸನೆಗೆ ನಮ್ಮಲ್ಲಿ ಎಷ್ಟು ಮಾತುಗಳು! ಪರಿಮಳ, ಘಮ, ಕಂಪು ಎಂಬ ಮರ್ಯಾದಸ್ಥರು ಒಂದು ಕಡೆ. ಕಮಟು, ಮುಗ್ಗಲು, ಹಳಸಲು, ಸೀಕಲು, ನಾತ ಎಂಬ ಬಳಗ ಇನ್ನೊಂದು ಕಡೆ. ಎಣ್ಣೆ ಹಳತಾದರೆ ಕಮಟು, ಅಕ್ಕಿಗೆ ನೀರು ತಾಗಿದರೆ ಮುಗ್ಗಲು, ನಿನ್ನೆಯ ಅನ್ನವಾದರೆ ಹಳಸಲು, ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳಿದರೆ ಅಡುಗೆಮನೆಯಲ್ಲಿ ನಗುತ್ತಾರೆ. ಇವೆರಡರ ನಡುವೆ ಸೊಗಡು ಇದೆ. ಈಗಿನ ಭಾಷಣಗಳಲ್ಲಿ ಗ್ರಾಮೀಣ ಸೊಗಡು, ಭಾಷೆಯ ಸೊಗಡು ಎಂದು ಸಿಕ್ಕಸಿಕ್ಕಲ್ಲಿ ಬಳಸಿ ಅದರ ವಾಸನೆಯನ್ನೇ ಕಳೆದಿದ್ದೇವೆ. ನಿಜವಾದ ಸೊಗಡು ಬೇಕಿದ್ದರೆ ಚಳಿಗಾಲದ ಅವರೆಕಾಯಿ ಸುಲಿದು ಬೆರಳು ಮೂಸಿಕೊಳ್ಳಬೇಕು. ಸೊಪ್ಪಿನ ಹಾಗೆ ಹಸಿ, ಎಣ್ಣೆಯ ಹಾಗೆ ಜಿಡ್ಡು. ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಹೋಗುವುದಿಲ್ಲ. ಯಾವ ಕಂಪನಿಯೂ ಅದನ್ನು ಶೀಶೆಗೆ ತುಂಬಿದ್ದನ್ನು ನಾನು ನೋಡಿಲ್ಲ.

ಪರಿಮಳ ಕೊಳ್ಳಲು ಹೊರಟರೆ ಮೊದಲ ಅಡ್ಡಿ ಎಂದರೆ ನಾವು ಬೆಳೆದ ರೀತಿ. ನಮ್ಮ ಕಡೆ ಅದಕ್ಕೆ ‘ಸೆಂಟು’ ಎನ್ನುತ್ತಿದ್ದರು, ಹೇಳುವಾಗ ಬಾಯಿ ಸ್ವಲ್ಪ ಸೊಟ್ಟ ಆಗುತ್ತಿತ್ತು. ಸೆಂಟು ಹಾಕಿಕೊಳ್ಳುವವರು ಒಂದೋ ಸಿನಿಮಾದವರು, ಇಲ್ಲವೇ ಮುಂಬೈಯಿಂದ ಬಂದ ನೆಂಟರು. ಹೂ ಮುಡಿದರೆ ಲಕ್ಷಣ, ಅದೇ ಹೂವಿನ ಎಣ್ಣೆ ಕತ್ತಿಗೆ ಹಚ್ಚಿದರೆ ಅವಲಕ್ಷಣ! ಇಷ್ಟರ ಮೇಲೆ ನಮ್ಮೂರೇನು ಪರಿಮಳಕ್ಕೆ ಬಡವೆಯೇ? ಸಾಗರ ಸೊರಬದ ಗುಡಿಗಾರರು ಗಂಧದ ಕೊರಡಿನಲ್ಲಿ ಬೆರಳುದ್ದದ ಆನೆಯನ್ನೂ ಮಂಟಪವನ್ನೂ ಕೆತ್ತುವವರು, ಅವರು ಕೆಲಸ ಮಾಡುವ ಜಗಲಿಯ ಕಸ ಕೂಡ ಪರಿಮಳವೇ. ಮೊದಲ ಮಹಾಯುದ್ಧ ನಡೆದು ಯೂರೋಪಿಗೆ ಗಂಧ ಕಳಿಸುವುದು ಕಷ್ಟವಾದಾಗ 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾಯಿತು, ಮುಂದೆ 1944ರಲ್ಲಿ ಶಿವಮೊಗ್ಗದಲ್ಲೂ ಒಂದಾಯಿತು. ಆ ಎಣ್ಣೆಯ ಮೈಸೂರ್ ಸ್ಯಾಂಡಲ್ ಸೋಪು ಅಮ್ಮನ ಟ್ರಂಕಿನಲ್ಲಿ ಸೀರೆಗಳ ಮಧ್ಯೆ ಇರುತ್ತಿತ್ತು. ಮೈಗೆ ಹಚ್ಚಲು ಬೇರೆ ಅಗ್ಗದ ಸೋಪು. ಇದು ಸೀರೆಗೆ. ಅದು ಸೆಂಟು ಅಲ್ಲವಾದ್ದರಿಂದ ಯಾರೂ ಏನೂ ಅನ್ನುವಂತಿರಲಿಲ್ಲ.

ಮಾಲುಗಳ ಅಂಗಡಿಗಳಲ್ಲಿ ಕಾಗದದ ಪಟ್ಟಿಯ ಮೇಲೆ ಚಿಮುಕಿಸಿ ಕೊಡುತ್ತಾರೆ. ಹೊರದೇಶದ ಶೀಶೆಗಳ ಬೆಲೆ ನನ್ನ ಲಕೋಟೆಯ ಮೂರು ಪಟ್ಟು, ಹಾಗಾಗಿ ಎರಡು ಮಿಲಿಯ ಸ್ಯಾಂಪಲ್ ಶೀಶೆ ತರಿಸಿಕೊಳ್ಳುವುದನ್ನು ಕಲಿತೆ. ಇನ್ನೊಂದು ಪಾಠವೂ ಆಯಿತು. ಪರಿಮಳವನ್ನು ಅಂಗಡಿಯಲ್ಲೇ ತೀರ್ಮಾನ ಮಾಡಬಾರದು. ಮೊದಲು ಮೂಗಿಗೆ ಬರುವುದು ನಿಂಬೆ, ಕಿತ್ತಳೆಯಂಥ ಹಗುರಾದವು, ಕಾಲು ಗಂಟೆಯಲ್ಲಿ ಹಾರಿಹೋಗುತ್ತವೆ. ಆಮೇಲೆ ಹೂಗಳು. ಗಂಧ, ದೇವದಾರು, ಲಾವಂಚದಂಥ ಭಾರದವು ತಳದಲ್ಲಿ ಕಾದಿದ್ದು, ಎಲ್ಲರೂ ಹೋದ ಮೇಲೆ ಮಾತಿಗೆ ಶುರುಮಾಡುತ್ತವೆ. ಮೈಮೇಲೆ ಹಾಕಿಕೊಂಡು ಸಂಜೆಯವರೆಗೆ ಕಾಯಬೇಕು.

ನನಗೆ ಹೆಚ್ಚು ಒಗ್ಗಿದ್ದು ಶಿವಾಜಿನಗರದ ಒಂದು ಅತ್ತರಿನ ಅಂಗಡಿ. ಎರಡು ಜನ ನಿಂತರೆ ತುಂಬಿತು. ಗಾಜಿನ ಬಿರಡೆಯ ಶೀಶೆಗಳು, ತೊಲದ ಲೆಕ್ಕದ ಹಳೆಯ ಗಿರಾಕಿಗಳು, ನಮ್ಮಂಥವರಿಗೆ ಮೂರು ಮಿಲಿ, ಆರು ಮಿಲಿಯ ಪುಟ್ಟ ಕುಪ್ಪಿಗಳು. ಅಂಗಡಿಯ ಸಾಹೇಬರು ಹತ್ತಿಯ ತುದಿಗೆ ತಾಗಿಸಿ ಮುಂಗೈಗೆ ಹಚ್ಚಿ, “ಈಗ ಮೂಸಬೇಡಿ ಮೇಡಮ್, ರಸ್ತೆ ದಾಟಿ ಹೋಗಿ ಚಹಾ ಕುಡಿದು ಬನ್ನಿ” ಎನ್ನುವವರು. ಮಣ್ಣಿನ ಅತ್ತರನ್ನು ನಾನು ಮೊದಲು ಕಂಡದ್ದು ಅಲ್ಲಿ. ಉತ್ತರಪ್ರದೇಶದ ಕನ್ನೌಜಿನಲ್ಲಿ ತಯಾರಾಗುವುದದು. ಸುಟ್ಟ ಮಣ್ಣನ್ನು ‘ದೇಗ್’ ಎಂಬ ತಾಮ್ರದ ಹಂಡೆಗೆ ತುಂಬಿ ನೀರು ಹಾಕಿ, ಬಾಯಿಗೆ ಜೇಡಿಮಣ್ಣು ಮೆತ್ತಿ, ಸೌದೆಯ ಬೆಂಕಿಯಲ್ಲಿ ಕಾಯಿಸುತ್ತಾರೆ. ಆವಿ ಬಿದಿರಿನ ಕೊಳವೆಯಲ್ಲಿ ಹಾದು ನೀರಿನ ತೊಟ್ಟಿಯಲ್ಲಿ ಕೂತ ‘ಭಪ್ಕಾ’ ಎಂಬ ಪಾತ್ರೆಗೆ ಇಳಿಯುತ್ತದೆ. ಅದರೊಳಗೆ ಗಂಧದೆಣ್ಣೆ ಮೊದಲೇ ಕಾದಿರುತ್ತದೆ, ಬಂದ ಪರಿಮಳವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಂಧ ದುಬಾರಿಯಾದ ಮೇಲೆ ಅನೇಕ ಕಡೆ ಬೇರೆ ಎಣ್ಣೆ ಹಾಕುತ್ತಾರೆ. ಮಳೆಯ ಮೊದಲ ಹನಿಗೆ ಒಣನೆಲ ಸೂಸುವ ವಾಸನೆಗೆ ಪೆಟ್ರಿಕೋರ್ ಎಂದು 1964ರಲ್ಲಿ ಹೆಸರಿಟ್ಟವರು ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್. ಹೆಸರಿಡುವ ಮೊದಲೇ ನಮ್ಮವರು ಅದನ್ನು ಶೀಶೆಯಲ್ಲಿ ಮಾರುತ್ತಿದ್ದದ್ದು ಅವರಿಗೂ ಗೊತ್ತಿತ್ತು.

ಅದೇ 1964ರಲ್ಲಿ ಅಮ್ಮನ ಊರು ನೀರಿಗೆ ಹೋಯಿತು.

ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ತುಂಬುತ್ತಾ ಬಂದ ವರ್ಷ. ಅಮ್ಮನಿಗೆ ಆಗ ಹತ್ತೋ ಹನ್ನೊಂದೋ. ಖಚಿತವಾಗಿ ಹೇಳಲಾಗುವುದಿಲ್ಲ, ಯಾಕೆಂದರೆ ಅಮ್ಮನಿಗೆ ಹುಟ್ಟಿದ ದಿನವಿಲ್ಲ. ಇದ್ದ ಜಾತಕ ಸಾಮಾನು ಸಾಗಿಸುವಾಗ ಎಲ್ಲಿಯೋ ಹೋಯಿತು. ಹೊಸ ಊರಿನ ಶಾಲೆಗೆ ಸೇರಿಸುವಾಗ ಹೆಡ್ಮಾಸ್ತರರು 1-6-1953 ಎಂದು ಬರೆದುಕೊಂಡರು. ಶಾಲೆಯ ದಾಖಲೆ ನಂಬಿದರೆ ಆ ತಲೆಮಾರಿನ ಅರ್ಧ ಕರ್ನಾಟಕ ಹುಟ್ಟಿದ್ದು ಜೂನ್ ಒಂದನೇ ತಾರೀಖಿಗೇ. ಮದುವೆಯ ಮಾತು ಬಂದಾಗ ಜಾತಕ ಬೇಕಾಯಿತು. ಪುರೋಹಿತರು ಹೊಸದೊಂದು ಬರೆದುಕೊಟ್ಟರು, ಅಪ್ಪನ ಜಾತಕಕ್ಕೆ ಚೆನ್ನಾಗಿ ಕೂಡಿಬರುವ ಹಾಗೆ. ಅದರಲ್ಲಿ ಅಮ್ಮ ಮಾಘ ಮಾಸದಲ್ಲಿ ಹುಟ್ಟಿದ್ದಾಳೆ. ಅಜ್ಜಿ ಮಾತ್ರ, ಇವೆರಡೂ ಅಲ್ಲ, ಪುನರ್ವಸು ಮಳೆ ಹಿಡಿದಿತ್ತು, ಗದ್ದೆಯಲ್ಲಿ ನಟ್ಟಿ ಆಗುತ್ತಿತ್ತು, ಸೂಲಗಿತ್ತಿಯನ್ನು ಕರೆತರಲು ಹೊಳೆ ದಾಟಲಾಗದೆ ಅಜ್ಜ ದಡದಲ್ಲೇ ನಿಂತಿದ್ದರು ಎಂದು ಹೇಳುತ್ತಿದ್ದಳು. ಯಾವ ವರ್ಷದ ಪುನರ್ವಸು ಎಂದರೆ, ಮಳೆ ಜಾಸ್ತಿಯಾದ ವರ್ಷ ಎನ್ನುವಳು. ಶರಾವತಿ ಕಣಿವೆಯಲ್ಲಿ ಮಳೆ ಕಡಿಮೆಯಾದ ವರ್ಷ ಯಾವುದಿತ್ತು?

ಹೀಗೆ ಮೂರು ಹುಟ್ಟಿದ ದಿನಗಳಿರುವ ಅಮ್ಮನಿಗೆ ಯಾವತ್ತೂ ಯಾರೂ ಪಾಯಸ ಮಾಡಲಿಲ್ಲ. ಮಾಡುವವಳು ಅವಳೇ ಆದ್ದರಿಂದ ಆ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ನಾವು ಮಕ್ಕಳು ದೊಡ್ಡವರಾದ ಮೇಲೆ ಜೂನ್ ಒಂದಕ್ಕೆ ಫೋನು ಮಾಡಿ ಶುಭಾಶಯ ಹೇಳುವುದಿತ್ತು. “ಅದು ಮಾಸ್ತರ್ರು ಹುಟ್ಟಿಸಿದ್ದು, ಅವರಿಗೇ ಹೇಳಿ” ಎನ್ನುತ್ತಿದ್ದಳು. ಮುಳುಗಿದ ಊರಿನ ಬಗ್ಗೆ ಮಾತ್ರ ತುಟಿ ಬಿಚ್ಚಿದವಳಲ್ಲ. ಸಾಗರದವರೇ ಆದ ನಾ. ಡಿಸೋಜ ಅವರ ‘ದ್ವೀಪ’ವನ್ನು ನಾನು ಕಾಲೇಜಿನಲ್ಲಿ ಓದಿ, ಗಿರೀಶ ಕಾಸರವಳ್ಳಿಯವರ 2002ರ ಸಿನಿಮಾ ನೋಡಿ, ಹೀಗೇ ಇತ್ತಾ ಅಮ್ಮ ಎಂದು ಕೇಳಿದ್ದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೊಡವಿ ಎದ್ದು ಹೋಗಿದ್ದಳು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ 1948ರ ಹಳೆಯ ಹಿರೇಭಾಸ್ಕರ ಅಣೆಕಟ್ಟು ಹಿನ್ನೀರಿನಿಂದ ತಲೆಯೆತ್ತುತ್ತದೆ, ಜನ ಕಾರು ಮಾಡಿಕೊಂಡು ನೋಡಲು ಹೋಗುತ್ತಾರೆ. ಅಮ್ಮ ಒಮ್ಮೆಯೂ ಹೋಗಲಿಲ್ಲ.

ಹೋದ ನವೆಂಬರಿನಲ್ಲಿ ಅವಳು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಬಂದು ಉಳಿದಿದ್ದಳು. ನನ್ನ ಹುಟ್ಟುಹಬ್ಬದ ದಿನ ಮನೆಯಲ್ಲಿ ಒಬ್ಬಳೇ ಬಿಡುವುದು ಬೇಡವೆಂದು ಜೊತೆಗೆ ಕರೆದುಕೊಂಡು ಹೊರಟೆ. ದೋಸೆಗೆ ಬೆಣ್ಣೆ ಜಾಸ್ತಿ ಎಂದಳು. ಪುಸ್ತಕದಂಗಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಅನಂತಮೂರ್ತಿಯವರ ಆತ್ಮಕತೆ ‘ಸುರಗಿ’ಯನ್ನು ಕೈಗೆತ್ತಿಕೊಂಡು, “ಸುರಗಿ ಅಂದ್ರೆ ಹೂವಲ್ದಾ? ಒಣಗಿದ್ರೂ ಪರಿಮಳ ಹೋಗ್ತಿಲ್ಲೆ” ಎಂದಳು. ಆ ಗುಣಕ್ಕಾಗಿಯೇ ಪುಸ್ತಕಕ್ಕೆ ಆ ಹೆಸರು ಎಂದು ನಾನು ಹೇಳುವ ಮೊದಲೇ ಅದನ್ನು ಕೆಳಗಿಟ್ಟು, “ದಪ್ಪ ಇದ್ದು” ಎಂದು ತೀರ್ಪು ಕೊಟ್ಟಳು. ಶಿವಾಜಿನಗರಕ್ಕೆ ಹೋಗುವಾಗ ಆಟೋದಲ್ಲಿ, ಸೆಂಟಿಗೆಲ್ಲ ಇಷ್ಟು ದೂರ ಹೋಗಬೇಕನಾ ಎಂದು ಎರಡು ಸಲ ಕೇಳಿದಳು.

ಸಾಹೇಬರು ಅವಳಿಗೆ ಸ್ಟೂಲು ಕೊಟ್ಟು ಕೂರಿಸಿದರು. ಕೇದಿಗೆಯ ಅತ್ತರು ತೆಗೆದರು. ಅಮ್ಮ ದೂರದಿಂದಲೇ ಮೂಸಿ, ಹೂವಿಗಿಂತ ಜೋರು ಎಂದಳು. ಮಲ್ಲಿಗೆ ತಲೆನೋವು. ಗುಲಾಬಿ ದೇವಸ್ಥಾನದ ತೀರ್ಥ. ನನಗೆ ಪ್ರಿಯವಾದ ಮಣ್ಣಿನ ಅತ್ತರನ್ನು ನಾನೇ ಅವಳ ಮುಂಗೈಗೆ ಹಚ್ಚಿದೆ. ಅವಳು ಕಣ್ಣು ಮುಚ್ಚಿ ಎಳೆದುಕೊಂಡಳು. ನಾನು ಕಾದೆ.

“ಇದು ನಂಗಳ ಮಣ್ಣಲ್ಲ ಕೂಸೇ, ಬಯಲುಸೀಮೆದು.”

ಅವಳು ಹೇಳಿದ್ದು ವಿಜ್ಞಾನಕ್ಕೂ ಒಪ್ಪುವ ಮಾತು. ಪೆಟ್ರಿಕೋರ್ ಎನ್ನುವುದು ತಿಂಗಳುಗಟ್ಟಲೆ ಬಿಸಿಲು ಕುಡಿದು ಒಣಗಿದ ನೆಲದ ವಾಸನೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ನೆನೆಯುವ ನಮ್ಮ ಮಣ್ಣಿಗೆ ಬೇರೆಯದೇ ವಾಸನೆ. ಕೊಳೆತ ದರಕು, ಪಾಚಿ, ಕೊಟ್ಟಿಗೆಯ ಹೊಗೆ ಎಲ್ಲ ಸೇರಿದ್ದು. ಮಣ್ಣಿನ ಸೂಕ್ಷ್ಮಜೀವಿಗಳು ಬಿಡುವ ಜಿಯೋಸ್ಮಿನ್ ಎಂಬ ವಸ್ತುವಿನದು ಅದರಲ್ಲಿ ದೊಡ್ಡ ಪಾಲು. ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದಂತೆ. ಇದನ್ನೆಲ್ಲ ಅಮ್ಮನಿಗೆ ಹೇಳಲು ಹೋಗಲಿಲ್ಲ. ಅಷ್ಟರಲ್ಲಿ ಸಾಹೇಬರು, “ಅಮ್ಮಾ, ಇದೊಂದು ನೋಡಿಬಿಡಿ” ಎಂದು ಇನ್ನೊಂದು ಬಿರಡೆ ತೆಗೆದರು. ತಿಳಿಹಸಿರು ಬಣ್ಣದ ಎಣ್ಣೆ. ರೂಹ್ ಖಸ್, ಅಂದರೆ ನಮ್ಮ ಲಾವಂಚದ ಬೇರಿನದು. ತಾಮ್ರದ ಹಂಡೆಯಲ್ಲಿ ಇಳಿಸುವುದರಿಂದ ಆ ಹಸಿರು.

ಅಮ್ಮ ಮೂಸಿದಳು. ಮತ್ತೆ ಮೂಸಿದಳು. ಹೊರಗೆ ಬಸ್ಸುಗಳ ಹಾರನ್ನು, ಪಕ್ಕದಲ್ಲಿ ಕಬಾಬಿನ ಹೊಗೆ. ಅವಳು ಮುಂಗೈಯನ್ನು ಮೂಗಿನ ಹತ್ತಿರವೇ ಇಟ್ಟುಕೊಂಡು, “ಜಗಲಿ ಮೂಲೆಲಿ ತಾಮ್ರದ ಕೊಡ ಇತ್ತು” ಎಂದಳು.

ಯಾವ ಜಗಲಿ ಎಂದು ನಾನು ಕೇಳಲಿಲ್ಲ. ಕೇಳಿದರೆ ನಿಂತುಹೋಗಬಹುದು ಎನಿಸಿತು. ಸಾಹೇಬರು ಕೂಡ ಶೀಶೆಯ ಬಿರಡೆ ಹಿಡಿದುಕೊಂಡು ಹಾಗೇ ನಿಂತಿದ್ದರು. ಕೊಡದೊಳಗೆ ಲಾವಂಚದ ಬೇರಿನ ಕಟ್ಟು ಹಾಕಿಟ್ಟಿರುತ್ತಿದ್ದರಂತೆ. ಹೊಳೆ ದಾಟಿ ಬಂದವರಿಗೆಲ್ಲ ಮೊದಲು ಬೆಲ್ಲ, ಆಮೇಲೆ ಆ ನೀರು. ಬೇರು ಬರುತ್ತಿದ್ದದ್ದು ಬಾವಿಯ ಹಿಂದಿನ ಧರೆಯಿಂದ. ಧರೆ ಜರಿಯಬಾರದೆಂದು ಅವಳ ಅಜ್ಜ ಹಚ್ಚಿದ್ದು. ಮನೆ ಬಿಡುವ ದಿನ ಮೂರು ಗಾಡಿ ಬಂದವು. ಮೊದಲನೆಯದರಲ್ಲಿ ಭತ್ತ, ಎರಡನೆಯದರಲ್ಲಿ ಪಾತ್ರೆ, ಮೂರನೆಯದರಲ್ಲಿ ಹಂಚು, ಬಾಗಿಲು, ದಾರಂದ. ದಾರಂದ ಕಿತ್ತ ಮೇಲೆ ಬಾಗಿಲಿದ್ದ ಜಾಗದಿಂದಲೇ ಒಳಗೆ ಹೋಗಬೇಕೋ ಗೋಡೆ ಬಿದ್ದಲ್ಲಿಂದ ಹೋಗಬೇಕೋ ತಿಳಿಯದೆ ಅವಳು ಅಂಗಳದಲ್ಲೇ ನಿಂತಿದ್ದಳು. ಕೊಡ ತಂದರು. ಬೇರಿನ ಕಟ್ಟನ್ನು ಯಾರೋ ಬಾವಿಕಟ್ಟೆಯ ಮೇಲೆ ಎತ್ತಿಟ್ಟವರು ಅಲ್ಲೇ ಮರೆತರು.

ವಾಸನೆ ಮೂಗಿನಿಂದ ಮಿದುಳಿಗೆ ಹೋಗುವ ದಾರಿ ಬಹಳ ಹತ್ತಿರದ್ದು. ಭಾವನೆ, ನೆನಪುಗಳ ಕೋಣೆಗಳ ಪಕ್ಕದಲ್ಲೇ ಹಾದು ಹೋಗುತ್ತದೆ. ನಾವು ವಾಸನೆಗಳನ್ನು ಹೇಗೆ ಗುರುತಿಸುತ್ತೇವೆ ಎಂದು ತೋರಿಸಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರ ನೊಬೆಲ್ ಬಂತು. ಮೂಗು ಕಳೆದುಕೊಂಡಿದ್ದ ದಿನಗಳಲ್ಲಿ ಇದನ್ನೆಲ್ಲ ಹುಡುಕಿ ಹುಡುಕಿ ಓದಿದ್ದೆ. ಆದರೂ ಅರವತ್ತು ವರ್ಷ ನೀರಿನಡಿ ಇದ್ದ ಜಗಲಿಯೊಂದು ಶಿವಾಜಿನಗರದ ಸ್ಟೂಲಿನ ಮೇಲೆ ಒಣಗಿಕೊಂಡು ಮೇಲೆ ಬಂದದ್ದಕ್ಕೆ ನಾನು ತಯಾರಿರಲಿಲ್ಲ.

ಮೂರು ಮಿಲಿಗೆ ಸಾಹೇಬರು ಹೇಳಿದ ಬೆಲೆ ಕೇಳಿ ಅಮ್ಮ ತನ್ನ ಎಂದಿನ ಅಮ್ಮನಾದಳು. ಬೇರಿನ ಎಣ್ಣೆಗೆ ಇಷ್ಟಾ, ನಮ್ಮ ಧರೆಯ ಮೇಲೆ ಬೇಕಾದಷ್ಟು ಬೆಳೀತಿತ್ತು ಸಾಹೇಬ್ರೇ ಎಂದು ಚೌಕಾಸಿಗೆ ಇಳಿದಳು. ಅವರು ನಗುತ್ತಾ ಐವತ್ತು ರೂಪಾಯಿ ಬಿಟ್ಟರು. ಆ ವರ್ಷದ ಲಕೋಟೆಯಲ್ಲಿ ಹಳೆಯ ಪುಸ್ತಕಕ್ಕೆ ದುಡ್ಡು ಉಳಿಯಲಿಲ್ಲ. ಕುಪ್ಪಿ ಅವಳ ಜೊತೆ ಊರಿಗೆ ಹೋಯಿತು, ಈಗ ಟ್ರಂಕಿನಲ್ಲಿ ಸೋಪಿನ ಪಕ್ಕ ಇದೆಯಂತೆ. ಹಚ್ಚಿಕೊಳ್ಳುವುದಿಲ್ಲವಾ ಎಂದರೆ, ತೆಗೆದರೆ ಖರ್ಚಾಗುತ್ತದಲ್ಲ ಎನ್ನುತ್ತಾಳೆ.

ನಮ್ಮ ಕಡೆ ನಕ್ಷತ್ರದ ಮಳೆ ಶುರುವಾಗುವುದಕ್ಕೆ ಮಳೆ ಹುಟ್ಟಿತು ಎನ್ನುತ್ತಾರೆ. ಆರಿದ್ರಾ ಹುಟ್ಟಿತು, ಪುನರ್ವಸು ಹುಟ್ಟಿತು. ಪಂಚಾಂಗದಲ್ಲಿ ಪುನರ್ವಸು ಮಳೆ ಹುಟ್ಟುವುದು ಜುಲೈ ಮೊದಲ ವಾರದಲ್ಲಿ. ಈ ವರ್ಷ ಆ ದಿನ ನೋಡಿಕೊ೦ಡು, ಅಣ್ಣ ತಾಳಗುಪ್ಪದ ರೈಲಿನಲ್ಲಿ ಊರಿಗೆ ಹೊರಟವನ ಕೈಯಲ್ಲಿ ಗಟ್ಟಿಮುಚ್ಚಳದ ಡಬ್ಬಿಯಲ್ಲಿ ಎಂಟು ತುಂಡು ಹನಿ ಕೇಕು ಕಳಿಸಿದೆ. ಜೊತೆಗೆ ‘ದ್ವೀಪ’. ರಾತ್ರಿ ಫೋನು ಮಾಡಿದಾಗ ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಅವಳ ಮಾತು ಅರ್ಧಂಬರ್ಧ ಕೇಳುತ್ತಿತ್ತು. ಕೇಕು ಸಿಹಿ ಜಾಸ್ತಿ, ಆದರೂ ಎರಡು ತುಂಡು ತಿಂದಳಂತೆ. ಪುಸ್ತಕವನ್ನು ಕಣ್ಣು ಪೂರ್ತಿ ಸರಿಯಾದ ಮೇಲೆ ನೋಡುತ್ತಾಳಂತೆ. ಹುಟ್ಟುಹಬ್ಬದ ಶುಭಾಶಯ ಅಮ್ಮ ಎಂದೆ. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಮಳೆಯ ಸದ್ದೊಂದೇ ಬಂತು.

“ಡಬ್ಬಿ ಗಟ್ಟಿ ಇದ್ದು,” ಎಂದಳು. “ಅಪ್ಪೆಮಿಡಿ ಉಪ್ಪಿನಕಾಯಿ ಹಾಕ್ಲಕ್ಕು.”